ಸರಪಳಿ ಹಿಡಿದವರು

ಉಡುಪಿಯ ಕಡೆ ಮನೆ ಕಟ್ಟಲು ಜಾಗ ಹುಡುಕುವವರು ‘ಹತ್ತು ಸೆಂಟ್ಸ್ ಸಿಕ್ಕರೆ ಸಾಕು’ ಎನ್ನುವುದನ್ನು ನಾವೆಲ್ಲ ಕೇಳಿದ್ದೇವೆ. ಈ ಹತ್ತು ಸೆಂಟ್ಸಿನ ಮೂಲವೆಲ್ಲಿ ಎಂದು ಯೋಚಿಸಿದವರು ಕಡಿಮೆ. 1620ರ ಸುಮಾರಿಗೆ ಇಂಗ್ಲೆಂಡಿನ ಗಣಿತಜ್ಞ ಎಡ್ಮಂಡ್ ಗಂಟರ್ ಎಂಬಾತ 66 ಅಡಿ ಉದ್ದದ, 100 ಕಡಿಗಳ ಒಂದು ಸರಪಳಿಯನ್ನು ಬಳಕೆಗೆ ತಂದ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕವೇ ನಮ್ಮ 10 ಸೆಂಟ್ಸು. ಅಂಥ 10 ಚೌಕಗಳಿಗೆ ಒಂದು ಎಕರೆ. ಘಟ್ಟದ ಮೇಲಿನವರು ಗುಂಟೆಯೆನ್ನುವಲ್ಲಿ ನಾವಿನ್ನೂ ಸೆಂಟ್ಸ್ ಎನ್ನುವುದಕ್ಕೆ, ಈ ಸೀಮೆ 1956ರ ವರೆಗೆ ಮದರಾಸಿಗೆ ಸೇರಿದ್ದುದೇ ಕಾರಣ. ಹೀಗೆ ಸರಪಳಿ ನಮ್ಮ ಮಾತಿನಲ್ಲಿ ಉಳಿದಿದೆ. ಅದನ್ನು ಹಿಡಿದು ನಡೆದವರು ಉಳಿದಿದ್ದಾರೆಯೆ? ನಾನು ಹೇಳಹೊರಟದ್ದು ಅವರ ವಿಷಯ.

1799ರಲ್ಲಿ ಟಿಪ್ಪು ಸುಲ್ತಾನನ ಪತನದೊಂದಿಗೆ ಕೆನರಾ ಕಂಪೆನಿಯವರ ಕೈಸೇರಿತು. ಮೊದಲ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಇಲ್ಲಿಯ ಕಂದಾಯವನ್ನು ನಿಗದಿಮಾಡುವಾಗ ಹೊಲಹೊಲವನ್ನೂ ಅಳೆಯಿಸುವ ಗೋಜಿಗೆ ಹೋಗದೆ, ಬಹುಮಟ್ಟಿಗೆ ಹಳೆಯ ಲೆಕ್ಕಪತ್ರಗಳನ್ನೇ ಆಧರಿಸಿದ. ಗದ್ದೆ, ತೋಟ, ಗುಡ್ಡ, ಕಾಡು ಹೆಣೆದುಕೊಂಡಿರುವ ಈ ನಾಡಿನಲ್ಲಿ ಅಳತೆ ಸುಲಭದ ಮಾತಲ್ಲ. ಸರಪಳಿ ಎಳೆದು ವಿವರವಾಗಿ ಅಳೆಯುವ ಕೆಲಸ ನಡೆದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ. ಇಂದು ಕಾರ್ಕಳದ ಯಾವುದೋ ಬೈಲಿನಲ್ಲಿ ಎರಡು ಮನೆಗಳು ಗಡಿಕಲ್ಲಿಗಾಗಿ ಕಚೇರಿ ಹತ್ತಿದರೆ, ಜಗಳದ ಬೇರು ಆ ಅಳತೆಯ ತನಕ ಇಳಿದಿರುವುದುಂಟು.

ಇದಕ್ಕಿಂತ ದೊಡ್ಡ ಅಳತೆಯೊಂದು ಅದಕ್ಕೂ ಮುಂಚೆ ನಮ್ಮ ಕರಾವಳಿಯನ್ನು ಮುಟ್ಟಿತ್ತು. 1802ರ ಏಪ್ರಿಲ್ 10ರಂದು ವಿಲಿಯಂ ಲ್ಯಾಂಬ್ಟನ್ ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ತಳರೇಖೆಯ ಅಳತೆಗೆ ತೊಡಗಿದ. 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ರೇಖೆಯನ್ನು ಅಳೆದ. ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳನ್ನು ಹೆಣೆಯುತ್ತ ಘಟ್ಟವಿಳಿದು ಮಂಗಳೂರು ಮುಟ್ಟಿದಾಗ, ಪರ್ಯಾಯ ದ್ವೀಪದ ಅಗಲ ಹಳೆಯ ನಕಾಶೆಗಳಲ್ಲಿದ್ದುದಕ್ಕಿಂತ ಸುಮಾರು 40 ಮೈಲು ಕಡಿಮೆಯೆಂದು ತಿಳಿದುಬಂತು. ಅವನ ಥಿಯೊಡೊಲೈಟ್ ಯಂತ್ರದ ಭಾರ ಸುಮಾರು ಅರ್ಧ ಟನ್ನು. 1808ರಲ್ಲಿ ತಂಜಾವೂರಿನ ದೊಡ್ಡ ದೇವಾಲಯದ ಗೋಪುರಕ್ಕೆ ಅದನ್ನು ಏರಿಸುವಾಗ ಹಗ್ಗ ಕಡಿದು, ಯಂತ್ರ ಗೋಡೆಗೆ ಅಪ್ಪಳಿಸಿ ಜಖಂಗೊಂಡಿತು. ಲ್ಯಾಂಬ್ಟನ್ ವಾರಗಟ್ಟಲೆ ಕುಳಿತು ತನ್ನ ಕೈಯಾರೆ ಅದನ್ನು ದುರಸ್ತಿಮಾಡಿದ. ಈ ಕಥೆಯನ್ನು ಮೋಜಣಿಯ ಚರಿತ್ರೆಕಾರರು ತಪ್ಪದೆ ಹೇಳುತ್ತಾರೆ. ಹಗ್ಗ ಎಳೆಯುತ್ತಿದ್ದವರ ಹೆಸರನ್ನು ಹೇಳಿದವರನ್ನು ನಾನು ಕಾಣೆ.

ಅವನ ಸಹಾಯಕನಾಗಿ ಬಂದ ಜಾರ್ಜ್ ಎವರೆಸ್ಟ್, ಕೃಷ್ಣಾ ಗೋದಾವರಿಗಳ ನಡುವಣ ಕಾಡಿನಲ್ಲಿ ಜ್ವರ ಹಿಡಿದು, 1820ರಲ್ಲಿ ಹವೆ ಬದಲಾವಣೆಗೆಂದು ದಕ್ಷಿಣ ಆಫ್ರಿಕದ ಕೇಪಿಗೆ ಹೋದ. ಅದೇ ಕಾಡಿನಲ್ಲಿ ಅವನ ತಂಡದ ಅನೇಕರು ಅದೇ ಜ್ವರದಲ್ಲಿ ನರಳಿದರು, ಕೆಲವರು ಸತ್ತರು. ಅವರಿಗೆ ಕೇಪಿರಲಿಲ್ಲ. ಸಾಹೇಬರ ಜ್ವರ ಚರಿತ್ರೆಯಾಯಿತು, ಆಳುಗಳ ಜ್ವರ ಅಂಕಿಯಾಯಿತು.

ಇಷ್ಟನ್ನು ಗ್ರಂಥಾಲಯದಲ್ಲಿ ಓದಿ ಬರೆಯಬಹುದು. ಮುಂದಿನದನ್ನು ನಾನು ನಮ್ಮ ಮನೆಯ ಚಾವಡಿಯಲ್ಲಿ ಕೇಳಿದವನು. ವಾಚಕರು ಸ್ವಂತದ ಮಾತನ್ನು ಕ್ಷಮಿಸಬೇಕು.

ನನ್ನ ಅಜ್ಜ ಕಾರ್ಕಳದ ಸುತ್ತಮುತ್ತ ಅಳತೆಯವರ ಜತೆಗೆ ದಿನಗೂಲಿಗೆ ಸರಪಳಿ ಹಿಡಿಯುತ್ತಿದ್ದವರು. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದ ಮೇಲೆ ಊರೂರಿನ ಒಕ್ಕಲುಗಳು ಭೂನ್ಯಾಯಮಂಡಳಿಗೆ ಅರ್ಜಿ ಹಾಕಿದರು. ಅಳತೆಯವರಿಗೆ ಕೈತುಂಬ ಕೆಲಸ. ನಾನು ಹುಟ್ಟುವ ಮೊದಲಿನ ಮಾತು. ಕಾರ್ತಿಕದ ಒಂದು ಬೆಳಗ್ಗೆ, ಎದೆಯೆತ್ತರ ಮುಳಿಹುಲ್ಲು ಬೆಳೆದ ಪದವಿನಲ್ಲಿ ಅಜ್ಜ ಸರಪಳಿಯ ತುದಿ ಹಿಡಿದು ಬಾವುಟದ ಕಡೆಗೆ ನಡೆಯುತ್ತಿದ್ದರು. ನೇರ ನಡೆಯಬೇಕಾದದ್ದು ಆ ಕೆಲಸದ ಧರ್ಮ; ಅಡ್ಡ ಸುತ್ತಿದರೆ ಅಳತೆ ಕೆಡುತ್ತದೆ. ಹುಲ್ಲಿನಡಿ ಯಾರೋ ಮುರಕಲ್ಲು ಕಡಿದು ಬಿಟ್ಟುಹೋದ ಕೋರೆಯಿತ್ತು. ಅಜ್ಜ ಅದಕ್ಕೆ ಬಿದ್ದರು. ಸೊಂಟಕ್ಕೆ ಬಿದ್ದ ಪೆಟ್ಟು ಅವರನ್ನು ಕೊನೆಯವರೆಗೂ ಕುಂಟಿಸಿತು.

ಓಡಿಬಂದ ಸರ್ವೆಯರರು ಕೋರೆಯ ಅಂಚಿನಲ್ಲಿ ನಿಂತು ಕೇಳಿದ ಮೊದಲ ಪ್ರಶ್ನೆ: “ಸರಪಳಿ ಉಂಟೋ?” ಅವರು ಕೆಟ್ಟವರಲ್ಲ. ಬಳಿಕ ತಾವೇ ಇಳಿದು, ಇಬ್ಬರನ್ನು ಕೂಡಿಸಿಕೊಂಡು, ಅಜ್ಜನನ್ನು ಕಂಬಳಿಯಲ್ಲಿ ಹೊತ್ತು ರಸ್ತೆಗೆ ತಂದರು. ತಿಂಗಳ ನಂತರ ಕಿತ್ತಳೆಹಣ್ಣು ಹಿಡಿದು ನೋಡಲಿಕ್ಕೂ ಬಂದರು. ಅಜ್ಜಿ ಮಾತ್ರ ಆ ಪ್ರಶ್ನೆಯನ್ನು ಮರೆಯಲಿಲ್ಲ. ಅಜ್ಜ ಸಮಾಧಾನ ಹೇಳುತ್ತಿದ್ದರು: “ಸರಪಳಿಯ ಲೆಕ್ಕವನ್ನು ಅವರು ಮೇಲಿನವರಿಗೆ ಕೊಡಬೇಕಿತ್ತು ಮಾರಾಯ್ತಿ. ನನ್ನ ಲೆಕ್ಕ ಯಾರು ಕೇಳುತ್ತಾರೆ?” ಕೆಲಸಗಾರರ ಪರಿಹಾರದ ಕಾಯಿದೆ 1923ರಲ್ಲೇ ಬಂದಿತ್ತು. ಅದು ಅಜ್ಜನಿಗೆ ಅನ್ವಯಿಸುತ್ತಿತ್ತೋ ಇಲ್ಲವೋ ಎಂಬ ಪ್ರಶ್ನೆಯೇ ಏಳಲಿಲ್ಲ. ಅದರ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಅದೇ 1974ರಲ್ಲಿ ಬ್ರಿಟನ್ನಿನಲ್ಲಿ ಒಂದು ಕಾನೂನು ಬಂತು. ಅದಕ್ಕೆ ಮುಂಚಿನ ಕಾನೂನುಗಳು ಬಹುಮಟ್ಟಿಗೆ ಕಾರ್ಖಾನೆ, ಗಣಿ ಎಂದು ಸ್ಥಳವನ್ನು ಹೆಸರಿಸಿ ರಕ್ಷಣೆ ಕೊಡುತ್ತಿದ್ದವು. ಹೊಸ ಕಾನೂನು ಮನುಷ್ಯನನ್ನು ಹಿಡಿದು ಹೊರಟಿತು: ಯಾರು ಕೆಲಸ ಮಾಡಿಸುತ್ತಾನೋ ಅವನು ಕೆಲಸದವನ ಆರೋಗ್ಯಕ್ಕೂ ಸುರಕ್ಷತೆಗೂ ಹೊಣೆ; ಸ್ವಂತ ಕಸುಬಿನವನಿಗೂ ತನ್ನ ಮತ್ತು ಇತರರ ಬಗ್ಗೆ ಹೊಣೆಯುಂಟು. ಗೋಡೆಯಿಲ್ಲದ ಕಡೆ ದುಡಿಯುವ ಭೂಮಾಪಕನಿಗೆ ಇದು ದೊಡ್ಡ ಮಾತು. 1868ರಲ್ಲಿ ಸ್ಥಾಪನೆಯಾದ ಲಂಡನ್ನಿನ ಭೂಮಾಪಕರ ಸಂಸ್ಥೆ ಇಂದು ತನ್ನ ಸದಸ್ಯರಿಗೆ ಇದಕ್ಕಾಗಿಯೇ ಕೈಪಿಡಿ ಕೊಡುತ್ತದೆ. ಹೊರಡುವ ಮುನ್ನ ಅಪಾಯವನ್ನು ಅಂದಾಜುಮಾಡು, ಒಬ್ಬನೇ ಹೋಗುವಾಗ ಎಲ್ಲಿಗೆಂದು ತಿಳಿಸು, ಅಪಾಯ ಕಂಡರೆ ಕೆಲಸ ನಿಲ್ಲಿಸು — ಅದರ ಸಾರ ಇಷ್ಟು.

ನಮ್ಮಲ್ಲಿ ಅಪಾಯಕ್ಕೇನು ಕೊರತೆ? ಮಣಿಪಾಲಕ್ಕೆ ಹೆಸರು ಕೊಟ್ಟ ಮಣ್ಣುಪಳ್ಳದ ಸುತ್ತಣ ಬೋಳು ಗುಡ್ಡದ ಮೇಲೆ ಇಂದು ಬಹುಮಹಡಿ ಕಟ್ಟಡಗಳಿವೆ; ಬೆಲೆ ಕಟ್ಟಲು ಬರುವವನು ಕೈಪಿಡಿಯಿಲ್ಲದ ಮೆಟ್ಟಿಲನ್ನೂ ಏರಬೇಕು. ಹಳೆಯ ಹೆಂಚಿನ ಮನೆಯಲ್ಲಿ ಗೆದ್ದಲು ತಿಂದ ಅಟ್ಟದ ಹಲಗೆ. ಕಾಪುವಿನಲ್ಲಿ, 1901ರ ದೀಪಸ್ತಂಭ ನಿಂತಿರುವ ಬಂಡೆಯ ಆಚೀಚೆ, ಮಳೆಗಾಲದ ಕಡಲ್ಕೊರೆತ. ಗದ್ದೆಯ ಕೆಸರಿನಲ್ಲಿ ಇಲಿಜ್ವರ, ಹುಲ್ಲಿನಲ್ಲಿ ಕನ್ನಡಿಹಾವು. ಘಟ್ಟದ ಬುಡದಲ್ಲಿ ಉಣುಗಿನಿಂದ ಹರಡುವ ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಲ್ಪಟ್ಟ ಅದು, 1983ರ ಹೊತ್ತಿಗೆ ಬೆಳ್ತಂಗಡಿಯ ಕಡೆ ಅನೇಕರನ್ನು ಬಲಿ ತೆಗೆದುಕೊಂಡಿತ್ತು.

ಈಗ ಸರಪಳಿ ಹೋಗಿ ಉಪಗ್ರಹದಿಂದ ಸಂಕೇತ ಪಡೆಯುವ ರೋವರ್ ಬಂದಿದೆ, ಡ್ರೋನ್ ಹಾರುತ್ತದೆ. ಆದರೂ ಗಡಿಕಲ್ಲು ತೋರಿಸಲು ಮನುಷ್ಯನೇ ಹುಲ್ಲಿಗೆ ಕಾಲಿಡಬೇಕು. 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ 2025ರ ನವೆಂಬರ್ 21ರಂದು ನಮ್ಮ ದೇಶದಲ್ಲಿ ಜಾರಿಗೆ ಬಂತು, ಒಳ್ಳೆಯದೇ ಆಯಿತು. ಆದರೆ ಸಾಮಾನ್ಯವಾಗಿ ಅದು 10 ಮಂದಿಯಾದರೂ ದುಡಿಯುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ, ಸರ್ಕಾರಿ ಕಚೇರಿಗಳನ್ನು ಹೊರಗಿಟ್ಟಿದೆ. ಕಡತಕ್ಕಿಷ್ಟೆಂದು ಶುಲ್ಕ ಪಡೆದು, ಒಬ್ಬ ಹುಡುಗನನ್ನು ಜತೆಗೆ ಕರೆದುಕೊಂಡು ಬರುವ ಪರವಾನಗಿ ಭೂಮಾಪಕ ಈ ಲೆಕ್ಕದಲ್ಲಿ ಎಲ್ಲಿ ಬಂದಾನು? ಅವನ ಹುಡುಗನಂತೂ ಇನ್ನೂ ದೂರ.

ಕಾನೂನು ತಲುಪದಲ್ಲಿ ನಾವು ತಲುಪಬಹುದು. ಅಳತೆಗೆ ಕಳಿಸುವವರು ಬೂಟು, ವಿಮೆ, ಜತೆಗೊಬ್ಬ ಆಳನ್ನು ಕೊಡಲಿ. ಅಳೆಯುವವರು ತಮ್ಮ ಹುಡುಗನನ್ನು ಮುಂದೆ ಬಿಡುವ ಮೊದಲು ನೆಲವನ್ನು ಕೋಲಿನಿಂದ ತಟ್ಟಿ ನೋಡಲಿ; ಅಳತೆ ನಾಳೆಯೂ ಆದೀತು. ಜಾಗದ ಒಡೆಯರಾದ ನಮಗೂ ಪಾಲುಂಟು: ಕಟ್ಟೆಯಿಲ್ಲದ ಬಾವಿ ಇಲ್ಲಿದೆ, ಹಳೆಯ ಕೋರೆ ಅಲ್ಲಿದೆ, ಬೇಲಿಗೆ ಕರೆಂಟು ಕೊಟ್ಟಿದ್ದೇವೆ ಎಂದು ಮೊದಲೇ ಹೇಳಬೇಕು.

ಕಳೆದ ವರ್ಷ ನಮ್ಮ ಪಾಲಿನ ಜಾಗದ ಅಳತೆಗೆಂದು ಒಬ್ಬ ತರುಣ ಸರ್ವೆಯರರು, ಅವರ ಹಿಂದೆ ಹವಾಯಿ ಚಪ್ಪಲಿಯ ಹುಡುಗನೊಬ್ಬ ಬಂದರು. ನಾನು ಒಳಗಿಂದ ನನ್ನ ಬೂಟು ತಂದು ಹುಡುಗನಿಗೆ ಕೊಟ್ಟು, ಹೆಸರು ಕೇಳಿದೆ. ಅವನು ಅನುಮಾನದಿಂದ, “ಯಾಕೆ ಸರ್, ಬರೆದುಕೊಳ್ಳಲಿಕ್ಕುಂಟಾ?” ಎಂದ. ಬರೆದುಕೊಳ್ಳಲಿಕ್ಕಲ್ಲ, ಕರೆಯಲಿಕ್ಕೆ ಎಂದೆ. ಬಳಿಕ ಅಜ್ಜನ ಕೋಲು ಹಿಡಿದು, ಕೋರೆ ಎಲ್ಲಿದೆಯೆಂದು ತೋರಿಸಲು ನಾನೇ ಮುಂದೆ ನಡೆದೆ.