ತಲೆ ಕಡಿದರೋ, ತಾನೇ ಕಳಚಿತೋ?

ನಮ್ಮ ದೇವದುರ್ಗ, ಮಾನ್ವಿ ಕಡೆ ಹೊಲ ಸಮ ಮಾಡುವಾಗ ಜೆಸಿಬಿ ಬಾಯಿಗೆ ತಲೆಬುರುಡೆ ಬಂತೆಂದರೆ ಊರಲ್ಲಿ ಎರಡೇ ಮಾತು: ಒಂದು ನಿಧಿ, ಇನ್ನೊಂದು ನರಬಲಿ. ವರದಿಗಾರರಾದ ನಾವೂ ಕಡಿಮೆಯಿಲ್ಲ. ‘ನರಬಲಿ ಶಂಕೆ’ ಎಂದು ಬರೆದರೆ ಸುದ್ದಿಗೆ ಮೇಲಿನ ಜಾಗ ಸಿಗುತ್ತದೆ ಎಂಬುದು ನನಗೂ ಗೊತ್ತು. ಆದರೆ ಈ ಶಂಕೆ ಇಂದಿನದಲ್ಲ. ಕೃಷ್ಣೆಯ ಆಚೆ ದಂಡೆಯಲ್ಲಿ ಅದಕ್ಕೆ ನೂರೈವತ್ತು ವರ್ಷಕ್ಕೂ ಮೀರಿದ ವಯಸ್ಸಿದೆ.

ಸುರಪುರಕ್ಕೆ ಹೋದವರು ಟೇಲರ್ ಮಂಜಿಲ್ ನೋಡಿರುತ್ತಾರೆ. ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ ಸಾಹೇಬರು 1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದವರು. 1840ರ ದಶಕದಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡು 1853ರವರೆಗೆ ಇದ್ದರು, 1858ರ ಗಲಭೆಯ ನಂತರ ಮತ್ತೆ ಬಂದರು. ಕಾದಂಬರಿಕಾರರೆಂದು ಅವರಿಗೆ ಹೆಸರು. ನಮ್ಮ ಬಯಲಿನ ಕಲ್ಲುಗೋರಿಗಳನ್ನು ಮೊದಲು ಅಗೆದು, ಅಳೆದು, ಚಿತ್ರ ಬರೆದು ಇಟ್ಟವರಲ್ಲಿಯೂ ಅವರೊಬ್ಬರು. ರಾಜನಕೋಳೂರಿನ ಚಪ್ಪಡಿಕಲ್ಲಿನ ಮನೆಗಳನ್ನು ಜನ ಮೋರೇರ ಮನೆ ಎನ್ನುತ್ತಿದ್ದುದನ್ನೂ, ಮೋರೇರೆಂದರೆ ಗಿಡ್ಡ ಜನ ಎಂಬ ನಂಬಿಕೆಯನ್ನೂ ಬರೆದಿಟ್ಟಿದ್ದಾರೆ.

ಭೀಮಾ ತೀರದ ಜೇವರ್ಗಿ ಹತ್ತಿರ ಅವರು ಕಲ್ಲುಗುಪ್ಪೆಗಳನ್ನು ತೆರೆಸಿದರು. ಒಳಗೆ ಅಸ್ಥಿಪಂಜರಗಳಿದ್ದವು, ಆದರೆ ಕೆಲವು ಬುರುಡೆಗಳು ಮುಂಡದಿಂದ ದೂರ ಬಿದ್ದಿದ್ದವು. ಇದನ್ನು ಕಂಡು ಸಾಹೇಬರು ನರಬಲಿಯ ತೀರ್ಮಾನಕ್ಕೆ ಬಂದರು. ಸತ್ತ ದೊರೆಯ ಜೊತೆ ಆಳುಕಾಳುಗಳನ್ನು ಕೊಂದು ಹೂಳುತ್ತಿದ್ದ ಸಿಥಿಯನ್ನರ ಕಥೆಯನ್ನು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದ. ಅದು ಅವರ ತಲೆಯಲ್ಲಿತ್ತು. 1860ರ ದಶಕದಲ್ಲಿ ಡಬ್ಲಿನ್‌ನ ರಾಯಲ್ ಐರಿಷ್ ಅಕಾಡೆಮಿ ಅವರ ಬರಹವನ್ನು ಅಚ್ಚು ಹಾಕಿತು. ಹೀಗೆ ನಮ್ಮ ಪೂರ್ವಿಕರ ಮೇಲೆ ಒಂದು ಕೊಲೆ ಕೇಸು ದಾಖಲಾಯಿತು.

ಆ ಕೇಸು ನಿಲ್ಲುತ್ತದೆಯೇ? ಅದನ್ನು ಕುತ್ತಿಗೆ ಹೇಳಬೇಕು.

ಬುರುಡೆ ಒಂದೇ ಎಲುಬಲ್ಲ, 22 ಎಲುಬುಗಳ ಜೋಡಣೆ. ಅದರಲ್ಲಿ ಅಲ್ಲಾಡುವುದು ಕೆಳದವಡೆ ಒಂದೇ. ಕುತ್ತಿಗೆಯಲ್ಲಿ ಏಳು ಮಣಿ. ಮೇಲಿನದು ಅಟ್ಲಾಸ್, ಉಂಗುರದಂತಿದೆ. ನೀರಿನ ಕೊಡ ಸಿಂಬೆಯ ಮೇಲೆ ಕೂತ ಹಾಗೆ ಬುರುಡೆ ಇದರ ಮೇಲೆ ಕೂತಿದೆ. ಹೌದು ಎಂದು ತಲೆದೂಗುವುದು ಇಲ್ಲಿ. ಎರಡನೆಯದು ಆಕ್ಸಿಸ್. ಇದರಿಂದ ಮೇಲೆದ್ದ ಗೂಟದ ಸುತ್ತ ಅಟ್ಲಾಸ್ ತಿರುಗುವುದರಿಂದಲೇ ನಾವು ಅಡ್ಡಡ್ಡ ತಲೆಯಾಡಿಸಿ ಒಲ್ಲೆ ಎನ್ನಬಲ್ಲೆವು. ಇವನ್ನೆಲ್ಲ ಹಿಡಿದಿಟ್ಟಿರುವುದು ಬರೀ ನಾರು, ಸ್ನಾಯು. ಅವು ಕೊಳೆತರೆ ತಲೆ ತಾನೇ ಬೇರೆಯಾಗುತ್ತದೆ, ಕತ್ತಿ ಬೇಕಿಲ್ಲ.

ಕಡಿದ ತಲೆಗೆ ಬೇರೆಯೇ ಗುರುತು. ಏಟು ಸಾಮಾನ್ಯವಾಗಿ ನಡುಕುತ್ತಿಗೆಗೆ ಬೀಳುವುದರಿಂದ ಮೇಲಿನ ಎರಡು ಮೂರು ಮಣಿ ಬುರುಡೆಯ ಜೊತೆಗೇ ಹೋಗುತ್ತವೆ, ಕೆಳದವಡೆಯೂ ಜೊತೆಗಿರುತ್ತದೆ, ಮಣಿಯ ಮೇಲೆ ಕಚ್ಚು ಕಾಣುತ್ತದೆ. ಹಾಗಲ್ಲದೆ, ಕೊಳೆತ ಮೇಲೆ ಯಾರೋ ಬುರುಡೆಯನ್ನು ಎತ್ತಿ ತಂದಿಟ್ಟಿದ್ದರೆ ದವಡೆ ಹಲವು ಸಲ ಹಿಂದೆಯೇ ಉಳಿದಿರುತ್ತದೆ, ಕಚ್ಚು ಇರುವುದಿಲ್ಲ. ಟೇಲರ್ ಕಾಲಕ್ಕೆ ಈ ವಿದ್ಯೆ ಬೆಳೆದಿರಲಿಲ್ಲ, ಅವರನ್ನು ಬೈದು ಉಪಯೋಗವಿಲ್ಲ.

1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವ್ಹೀಲರ್ ಇಂಥವೇ ಗೋರಿಗಳನ್ನು ಅಗೆದಾಗ ಬೇರೆ ಚಿತ್ರ ಸಿಕ್ಕಿತು. ಕಲ್ಲುಪೆಟ್ಟಿಗೆಗಳಲ್ಲಿ ಇಡೀ ದೇಹಗಳ ಬದಲು ಹಲವರ ಬುರುಡೆ, ಉದ್ದ ಎಲುಬುಗಳನ್ನು ಆರಿಸಿ ಇಟ್ಟಿದ್ದರು. ಹೆಣವನ್ನು ಮೊದಲು ಬೇರೆಡೆ ಬಯಲಿಗಿಟ್ಟು, ಮಾಂಸ ಕರಗಿದ ಮೇಲೆ ಎಲುಬು ತಂದಿರಬೇಕು ಎಂದರು ವ್ಹೀಲರ್. ಇದು ನಮಗೇನು ಹೊಸದು? ಸುಟ್ಟ ಮೂರನೇ ದಿನ ಬೂದಿಯಲ್ಲಿ ಎಲುಬು ಆರಿಸಿ ಕೃಷ್ಣೆಗೆ ಬಿಡುವವರು ನಾವೇ ತಾನೆ.

ಇನ್ನೂ ಹಳೆಯ ಸಾಕ್ಷಿ ಮಾನ್ವಿ ಸೀಮೆಯಲ್ಲೇ ಇದೆ. ಕವಿತಾಳ ಕಡೆಯ ವಟಗಲ್‌ನಲ್ಲಿ 1990ರ ದಶಕದ ಆರಂಭದಲ್ಲಿ ನಡೆದ ಉತ್ಖನನದಲ್ಲಿ ಕಬ್ಬಿಣ ಕಾಣದ ನವಶಿಲಾಯುಗದವರು ಹಸುಗೂಸುಗಳನ್ನು ಮಡಕೆಯಲ್ಲಿಟ್ಟು ಹೂತದ್ದು ಕಂಡುಬಂತು. ಮಡಕೆಯಲ್ಲಿ ಮಗುವಿನ ಎಲುಬು ಕಂಡರೆ ಇಂದಿಗೂ ಊರವರ ಬಾಯಲ್ಲಿ ಮೊದಲು ಬರುವುದು ಮಾಟ ಎಂಬ ಮಾತು. ನನಗೆ ಅದರಲ್ಲಿ ಕಾಣುವುದು ಕೂಸು ಕಳೆದುಕೊಂಡ ತಾಯಿ.

ಜೇವರ್ಗಿಯಲ್ಲಿ ಒಂದು ತಲೆಯನ್ನೂ ಕಡಿದಿರಲಿಲ್ಲ ಎಂದು ನಾನು ಆಣೆ ಮಾಡುತ್ತಿಲ್ಲ. ಬುರುಡೆ ದೂರ ಬಿದ್ದಿದೆ ಎಂಬಷ್ಟಕ್ಕೇ ಕೊಲೆ ಸಾಬೀತಾಗುವುದಿಲ್ಲ, ಅಷ್ಟೇ. ತೊಂದರೆಯೆಂದರೆ, ಕಾಲುವೆ ನೀರು ಬಂದ ಮೇಲೆ ಗದ್ದೆ ಮಾಡುವ ಭರದಲ್ಲಿ ಕಲ್ಲುಗುಪ್ಪೆಗಳು ಬದುವಿಗೆ, ಅಡಿಪಾಯಕ್ಕೆ ಹೋಗುತ್ತಿವೆ. ಮೊದಲು ಪುಡಿಯಾಗುವುದು ಕುತ್ತಿಗೆಯ ಸಣ್ಣ ಮಣಿಗಳು. ಉಳಿದ ಬುರುಡೆಯನ್ನಷ್ಟೇ ಗೋಣಿಚೀಲದಲ್ಲಿ ಹಾಕಿ ಠಾಣೆಗೆ ಒಯ್ಯುತ್ತಾರೆ. ಅಂಥ ಕಡೆ ಪಂಚನಾಮೆಗೆ ಹೋದರೆ ನಾನೀಗ ಕೇಳುವ ಮೊದಲ ಪ್ರಶ್ನೆ: ಕೆಳದವಡೆ ಎಲ್ಲಿತ್ತು?