ಕೂದಲು ಕೊಂಕದವರ ಮಾತು

ಅಪಘಾತದಿಂದ ಪಾರಾದವರನ್ನು ಕುರಿತು ಇಂಗ್ಲಿಷ್ ಪತ್ರಿಕೆಗಳು ‘ಅನ್‌ಸ್ಕೇದ್ಡ್’ ಎಂದು ಬರೆಯುತ್ತವೆ. ನಾವು ಅದನ್ನು ‘ಕೂದಲೂ ಕೊಂಕದೆ’ ಎಂದು ಕನ್ನಡಿಸಿ ಮುಂದೆ ಸಾಗುತ್ತೇವೆ. ಆದರೆ ಈ ಮಾತಿನ ಹಿಂದೆ ಸಾವಿರ ವರ್ಷಗಳ ಚರಿತ್ರೆಯಿದೆ. ಅದೂ ಪೆಟ್ಟುಗಳ ಚರಿತ್ರೆ.

‘ಅನ್’ ಎಂಬ ನಿಷೇಧವನ್ನು ಕಳೆದರೆ ಉಳಿಯುವುದು ‘ಸ್ಕೇದ್’, ಎಂದರೆ ಹಾನಿ. ಹಳೆಯ ಇಂಗ್ಲಿಷಿನಲ್ಲಿ ಇದಕ್ಕೊಂದು ದಾಯಾದಿ ಪದವಿತ್ತು. ಕೇಡಿಗ, ವೈರಿ ಎಂದು ಅದರ ಅರ್ಥ. ‘ಬೇವುಲ್ಫ್’ ಕಾವ್ಯದ ರಾಕ್ಷಸನಿಗೂ ಘಟಸರ್ಪಕ್ಕೂ ಸಂದ ಹೆಸರು. ಆದರೆ ಇಂಗ್ಲಿಷರ ನಾಲಗೆಯಲ್ಲಿ ಅಂಥ ಪದಗಳ ‘ಸ್ಕ’ಕಾರ ‘ಶ’ಕಾರವಾಗಿತ್ತು. ಗಟ್ಟಿಯಾದ ‘ಸ್ಕ’ ನಾರ್ಸ್ ಭಾಷೆಯದು. ‘ಸ್ಕೈ’, ‘ಸ್ಕಿನ್’ ಬಂದ ದಾರಿಯಲ್ಲೇ ಇದೂ ಬಂದಿತು. 793ರಲ್ಲಿ ಲಿಂಡಿಸ್‌ಫಾರ್ನ್ ಮಠವನ್ನು ಸೂರೆಗೊಂಡ ವೈಕಿಂಗರ ಕುಲದವರು ಮುಂದೆ ಇಂಗ್ಲೆಂಡಿನ ಉತ್ತರ, ಪೂರ್ವ ಭಾಗಗಳಲ್ಲಿ ನೆಲೆನಿಂತಾಗ ಅವರ ಮಾತೂ ನೆಲೆನಿಂತಿತು. ಹಾನಿ ಮಾಡಿದವರೇ ಹಾನಿಗೆ ಹೆಸರನ್ನೂ ಕೊಟ್ಟರೆನ್ನಬೇಕು.

ಷೇಕ್ಸ್‌ಪಿಯರನ ಕಾಲಕ್ಕೂ ಸ್ಕೇದ್ ಎಂದರೆ ಯಾವುದೇ ಬಗೆಯ ಕೇಡು. 1667ರಲ್ಲಿ ಪ್ರಕಟವಾದ ‘ಪ್ಯಾರಡೈಸ್ ಲಾಸ್ಟ್’ನಲ್ಲಿ ಮಿಲ್ಟನ್ ಮಹಾಕವಿ ಇದನ್ನು ಸಿಡಿಲು ಬಡಿದ ಮರಗಳಿಗೆ ಬಳಸಿದನು. ಅಲ್ಲಿಂದ ಮಾತಿಗೆ ಬೆಂಕಿಯ ಕಾವು ಹತ್ತಿತು. 19ನೆಯ ಶತಮಾನದಲ್ಲಿ ಆ ಕಾವು ಮನುಷ್ಯರ ನಾಲಗೆಗೂ ಏರಿತು. ಸುಡುವಂಥ ಟೀಕೆ ‘ಸ್ಕೇದಿಂಗ್’ ಎನಿಸಿಕೊಂಡಿತು. ಇತ್ತ ‘ಸ್ಕೇದ್’ ಮಾತ್ರ ಬಳಕೆಯಿಂದ ಬಹುಮಟ್ಟಿಗೆ ಮರೆಯಾಯಿತು. ಹಾನಿ ಹೋಯಿತು, ‘ಹಾನಿಯಿಲ್ಲದ’ ಎಂಬುದು ಉಳಿಯಿತು!

ಹಾಗಾದರೆ ಈಗ ಅದರ ಅರ್ಥವೇನು? ಬಯಲಿನಲ್ಲಿ ಸುಮ್ಮನೆ ಬಿದ್ದಿರುವ ಬಂಡೆಯನ್ನು ಯಾರೂ ಅನ್‌ಸ್ಕೇದ್ಡ್ ಎನ್ನುವುದಿಲ್ಲ. ಅಪಾಯ ಪಕ್ಕದಲ್ಲೇ ಹಾದುಹೋಗಿದ್ದರೆ ಮಾತ್ರ ಈ ಮಾತು ಸಲ್ಲುತ್ತದೆ. 1940ರ ಡಿಸೆಂಬರ್ 29ರ ರಾತ್ರಿ ಜರ್ಮನ್ ವಿಮಾನಗಳು ಲಂಡನ್ನಿನ ಮೇಲೆ ಬೆಂಕಿಬಾಂಬುಗಳನ್ನು ಸುರಿದಾಗ, ಹೊಗೆಯ ನಡುವೆ ತಲೆಯೆತ್ತಿ ನಿಂತ ಸಂತ ಪಾಲರ ದೇವಾಲಯದ ಗುಮ್ಮಟದ ಚಿತ್ರ ಲೋಕಪ್ರಸಿದ್ಧ. ನೋಡಿದವರಿಗೆ ಅದು ಅಕ್ಷತ. ಆದರೆ ಅದೇ ಅಕ್ಟೋಬರಿನಲ್ಲಿ ಬಾಂಬೊಂದು ಒಳಗಿನ ಮುಖ್ಯ ಪೂಜಾವೇದಿಯನ್ನು ಒಡೆದಿತ್ತು. ಆ ರಾತ್ರಿಯೂ ಗುಮ್ಮಟದ ಸೀಸದ ಹೊದಿಕೆಗೆ ನಾಟಿದ ಬೆಂಕಿಬಾಂಬು ದೈವವಶದಿಂದ ಹೊರಕ್ಕೆ ಉರುಳಿದ್ದರಿಂದ, ಕಾವಲಿದ್ದವರು ಅದನ್ನು ನಂದಿಸಿದರು.

‘ಕೂದಲೂ ಕೊಂಕಲಿಲ್ಲ’ ಎಂಬುದು ಹೊರಗೆ ನಿಂತು ನೋಡುವವರ ತೀರ್ಪು. ಒಳಗೆ ಏನು ಒಡೆಯಿತೆಂಬುದನ್ನು ಪಾರಾಗಿ ಬಂದವರನ್ನೇ ಕೇಳಬೇಕು.