ಸಾರ್, ನಾವು ಸರ್ಕಾರದವರೋ ಕಂಪನಿಯವರೋ?



2025ರ ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಯಶವಂತಪುರದಿಂದ ಜಾಲಹಳ್ಳಿಗೆ ಹಿಂದಿರುಗಲು ಬ್ಯಾಟರಿ ಬಸ್ಸೊಂದನ್ನು ಹತ್ತಿದೆ. ಹಿರಿಯ ನಾಗರಿಕರ ರಿಯಾಯಿತಿ ಟಿಕೆಟಿಗಾಗಿ ಗುರುತಿನ ಚೀಟಿಯನ್ನು ತೆಗೆಯುತ್ತಿದ್ದಾಗ ಕಂಡಕ್ಟರ್ ನಕ್ಕು, "ಚೀಟಿ ಬೇಡಿ ಸಾರ್, ನಿಮ್ಮ ವಯಸ್ಸು ನನಗೆ ಗೊತ್ತಿದೆ" ಎಂದ. ಮುಖ ನೋಡಿದೆ. 1980ರ ದಶಕದ ಆರಂಭದಲ್ಲಿ ನನ್ನ ಹತ್ತನೆಯ ತರಗತಿಯಲ್ಲಿ ಕಿಟಕಿಯ ಪಕ್ಕದಲ್ಲಿ ಕೂರುತ್ತಿದ್ದ ಹುಡುಗ. ಈಗ ತಲೆಯೆಲ್ಲ ನರೆತಿದೆ. ಹೆಸರು ಬರೆಯುವುದಿಲ್ಲ, ಅವನ ಸಹಪಾಠಿಗಳು ಊಹಿಸಿಕೊಳ್ಳಲಿ. ಟಿಕೆಟು ಹರಿದು ಕೊಟ್ಟು ಹಣವನ್ನು ಎಣಿಸಿ ತೆಗೆದುಕೊಂಡ. ಲೆಕ್ಕ ಲೆಕ್ಕವೇ ಎಂದು ಅವನಿಗೆ ಕಲಿಸಿದವನು ನಾನೇ ಆದ್ದರಿಂದ ನನಗೆ ಸಂತೋಷವೇ ಆಯಿತು.

ಆಗಸ್ಟ್ 5ರಂದು ಸಾರಿಗೆ ನೌಕರರ ಮುಷ್ಕರ ಆರಂಭವಾಗಿ, ಹೈಕೋರ್ಟು ಮಧ್ಯೆ ಪ್ರವೇಶಿಸಿದ್ದರಿಂದ ನಿಂತು ಕೆಲವು ದಿನಗಳಷ್ಟೇ ಆಗಿದ್ದವು. ಬಸ್ಸು ಸ್ವಲ್ಪ ಖಾಲಿಯಾದಾಗ ಅವನು ನನ್ನ ಬಳಿ ನಿಂತು ಕೇಳಿದ: "ಸಾರ್, ನೀವು ಇತಿಹಾಸ ಪಾಠ ಮಾಡಿದವರು, ನೀವೇ ಹೇಳಿ. ನಾವು ಸರ್ಕಾರದವರೋ ಕಂಪನಿಯವರೋ?"

ಅಷ್ಟರಲ್ಲಿ ನನ್ನ ನಿಲ್ದಾಣ ಬಂದಿತು. ಉತ್ತರ ಹೇಳದೆಯೇ ಇಳಿದುಬಿಟ್ಟೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದಕ್ಕೆ ಕಾರಣವೂ ಉಂಟು. 1990ರ ಸುಮಾರಿನಲ್ಲಿ ಅದೇ ಹುಡುಗ ಎರಡು ಪತ್ರಗಳನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದ. ಒಂದು ಪೀಣ್ಯದ ಸಣ್ಣ ಕಾರ್ಖಾನೆಯೊಂದರದು, ಇನ್ನೊಂದು ಬಿ.ಟಿ.ಎಸ್. ಕಂಡಕ್ಟರ್ ಕೆಲಸದ್ದು. "ಸರ್ಕಾರಿ ಕೆಲಸ ಕಣಯ್ಯ, ಕಣ್ಣುಮುಚ್ಚಿ ಸೇರು" ಎಂದು ಹೇಳಿದವನು ನಾನು. ಆದ್ದರಿಂದ ಅವನ ಪ್ರಶ್ನೆಗೆ ಉತ್ತರ ಕೊಡುವ ಋಣ ನನ್ನ ಮೇಲಿದೆ.

ಇತಿಹಾಸದಿಂದಲೇ ಆರಂಭಿಸುತ್ತೇನೆ. ಬೆಂಗಳೂರಿನ ನಗರ ಬಸ್ಸು ಹುಟ್ಟಿದ್ದು ಖಾಸಗಿ ಸಂಸ್ಥೆಯಾಗಿ. 1940ರಲ್ಲಿ ಸ್ಥಾಪನೆಯಾದ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿಯೇ ಅದರ ಮೂಲ. ಸ್ವಾತಂತ್ರ್ಯ ಬಂದ ಮರುವರ್ಷ, 1948ರ ಸೆಪ್ಟೆಂಬರ್ 12ರಂದು, ಮೈಸೂರು ಸಂಸ್ಥಾನದಲ್ಲಿ ಸರ್ಕಾರವೇ 120 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಇಲಾಖೆಯನ್ನು ಆರಂಭಿಸಿತು. 1956ರಲ್ಲಿ ಬೆಂಗಳೂರಿನ ಕಂಪನಿಯನ್ನೂ ರಾಷ್ಟ್ರೀಕರಣ ಮಾಡಿ ಬೆಂಗಳೂರು ಸಾರಿಗೆ ಸೇವೆ, ಅಂದರೆ ನಮ್ಮೆಲ್ಲರ ಬಿ.ಟಿ.ಎಸ್., ರೂಪುಗೊಂಡಿತು. ಆಗ ಅದು ಸರ್ಕಾರಿ ಇಲಾಖೆಯ ಅಧೀನದಲ್ಲಿತ್ತು. 'ಬಿಟ್ರೆ ತಿರುಗ ಸಿಗಲ್ಲ' ಎಂದು ನೀವೆಲ್ಲ ಅದರ ಹೆಸರನ್ನು ಬಿಡಿಸಿ ನಗುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ.

ಅದೇ ಕಾಲದಲ್ಲಿ ಜಾಲಹಳ್ಳಿಯ ಸ್ವರೂಪವೂ ಬದಲಾಗುತ್ತಿತ್ತು. 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಸ್ಥಾಪನೆಯಾದವು, 1961ರಲ್ಲಿ ಕೈಗಡಿಯಾರದ ಕಾರ್ಖಾನೆ ಬಂದಿತು. ನಾನು ಇಲ್ಲಿಗೆ ಬಂದ ಕಾಲಕ್ಕೆ ಊರಿನ ಗಡಿಯಾರವೇ ಕಾರ್ಖಾನೆಯ ಸೈರನ್ನು. ಕಾಯಂ ನೌಕರರಿಗೆ ಕಾರ್ಖಾನೆಯ ಬಸ್ಸುಗಳಿದ್ದವು. ಸೊಪ್ಪು ಮಾರುವವರು, ಮನೆಗೆಲಸದವರು, ಗುತ್ತಿಗೆ ಕೂಲಿಗಳು, ಪೇಟೆಯ ಕಾಲೇಜಿಗೆ ಹೋಗುವ ನಮ್ಮ ಹುಡುಗ ಹುಡುಗಿಯರು, ಇವರೆಲ್ಲರಿಗೂ ಇದ್ದದ್ದು ಬಿ.ಟಿ.ಎಸ್. ಒಂದೇ.

ಈಗ ಮುಖ್ಯ ತಿರುವಿಗೆ ಬರೋಣ. 1961ರ ಆಗಸ್ಟ್ 1ರಂದು ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ ಸ್ಥಾಪನೆಯಾಯಿತು. ಅದೇ ವರ್ಷ ಅಕ್ಟೋಬರ್ 1ರಂದು ಬಿ.ಟಿ.ಎಸ್. ಘಟಕವೂ ಅದಕ್ಕೆ ಸೇರಿತು. ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾದ 1973ರಲ್ಲಿ ಅದು ಕೆ.ಎಸ್.ಆರ್.ಟಿ.ಸಿ. ಆಯಿತು. ಜನರ ಕಣ್ಣಿಗೆ ಬದಲಾದದ್ದು ಬಸ್ಸಿನ ಮೇಲಿನ ಹೆಸರು ಮಾತ್ರ. ಆದರೆ ಇಲಾಖೆ ನಿಗಮವಾದಾಗ ಒಳಗಿನ ಜೀವವೇ ಬದಲಾಗಿತ್ತು. ಇಲಾಖೆಯ ಖರ್ಚು ಸರ್ಕಾರದ ಮುಂಗಡಪತ್ರದಲ್ಲಿ ಸೇರಿರುತ್ತದೆ. ನಿಗಮ ತನ್ನ ಗಳಿಕೆಯಿಂದ ತಾನು ಬದುಕಬೇಕು.

ಈ ನಿಗಮಗಳಿಗೆ ಆಧಾರ ಸಂಸತ್ತು ಮಾಡಿದ 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆ. ನಿವೃತ್ತನಾದ ಮೇಲೆ ಅದನ್ನು ತರಿಸಿ ಓದಿದೆ. ಅದರಲ್ಲಿ ಎರಡು ಆಜ್ಞೆಗಳಿವೆ. 18ನೆಯ ಕಲಮಿನ ಪ್ರಕಾರ ನಿಗಮವು ಜನರಿಗೆ ದಕ್ಷವೂ ಸಾಕಷ್ಟೂ ಮಿತವ್ಯಯದ್ದೂ ಆದ ಸಾರಿಗೆಯನ್ನು ಒದಗಿಸಬೇಕು. 22ನೆಯ ಕಲಮಿನ ಪ್ರಕಾರ ಅದು ವ್ಯಾಪಾರದ ತತ್ತ್ವಗಳಂತೆ ನಡೆಯಬೇಕು. ಒಂದೇ ತಾಯಿ ಮಗನಿಗೆ 'ಎಲ್ಲರಿಗೂ ಬಡಿಸು' ಎಂದೂ 'ಅಂಗಡಿ ನಷ್ಟವಾಗದಂತೆ ನೋಡಿಕೋ' ಎಂದೂ ಹೇಳಿದ ಹಾಗೆ.

ಎರಡನ್ನೂ ಪಾಲಿಸುವುದು ಅಸಾಧ್ಯವೇನಲ್ಲ. ಆದರೆ ಅಂಗಡಿಯವನಿಗೆ ಬೆಲೆ ಕಟ್ಟುವ ಅಧಿಕಾರವಾದರೂ ಇರಬೇಕು. ಬಸ್ಸಿನ ದರವನ್ನು ಗೊತ್ತುಮಾಡುವ ಅಧಿಕಾರವನ್ನು ಮೋಟಾರು ವಾಹನಗಳ ಕಾಯ್ದೆಯು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. 1939ರ ಕಾಯ್ದೆಯಲ್ಲೂ ಹಾಗೆಯೇ ಇತ್ತು, 1988ರ ಕಾಯ್ದೆಯ 67ನೆಯ ಕಲಮಿನಲ್ಲೂ ಹಾಗೆಯೇ ಇದೆ. ಯಾರಿಗೆ ರಿಯಾಯಿತಿ ಎಂಬುದನ್ನು ತೀರ್ಮಾನಿಸುವುದೂ ಸರ್ಕಾರವೇ. ಲಾಭ ಬಂದರೆ ಏನು ಮಾಡಬೇಕೆಂದು ಕಾಯ್ದೆ ವಿವರವಾಗಿ ಹೇಳುತ್ತದೆ: ಪ್ರಯಾಣಿಕರ ಸೌಕರ್ಯ, ಕಾರ್ಮಿಕರ ಕ್ಷೇಮ, ಸೇವೆಯ ವಿಸ್ತರಣೆ, ಇವೆಲ್ಲ ಕಳೆದು ಉಳಿದದ್ದು ರಸ್ತೆ ಅಭಿವೃದ್ಧಿಗಾಗಿ ಸರ್ಕಾರಕ್ಕೆ. ಆದರೆ ಅಗ್ಗದ ದರದಿಂದ ನಷ್ಟವಾದರೆ ಅದನ್ನು ಯಾರು, ಎಂದು, ಎಷ್ಟು ತುಂಬಿಕೊಡಬೇಕು ಎಂಬುದಕ್ಕೆ ಅಷ್ಟು ಖಚಿತವಾದ ವಿಧಿ ಅದರಲ್ಲಿಲ್ಲ. ನನ್ನ ಅಲ್ಪಮತಿಗೆ ಕಂಡಂತೆ ಬಿ.ಎಂ.ಟಿ.ಸಿ.ಯ ಎಲ್ಲ ಕಷ್ಟಗಳ ಬೇರು ಈ ಮೌನದಲ್ಲಿದೆ.

ಪ್ರತಿ ಜೂನ್ ತಿಂಗಳಲ್ಲಿ ಶಾಲೆಯ ಕಚೇರಿಯಲ್ಲಿ ಕುಳಿತು ನಿಮ್ಮ ಪಾಸಿನ ಅರ್ಜಿಗಳಿಗೆ ಸಹಿ ಹಾಕಿದ್ದೇ ಹಾಕಿದ್ದು. ಆಗ ನನಗೆ ಅದು ಬರಿಯ ಗುಮಾಸ್ತಿಕೆಯಾಗಿ ಕಾಣುತ್ತಿತ್ತು. ಆ ಪಾಸಿನ ವೆಚ್ಚದಲ್ಲಿ ಒಂದು ಪಾಲು ನಿಮ್ಮ ತಂದೆತಾಯಿಗಳದು, ಒಂದು ಪಾಲು ಸರ್ಕಾರದ್ದು, ಮತ್ತೊಂದು ಪಾಲನ್ನು ನಿಗಮವೇ ಹೊರುತ್ತಿತ್ತು ಎಂಬುದು ತಿಳಿದದ್ದು ಬಹಳ ತಡವಾಗಿ. ನಿಮ್ಮಲ್ಲಿ ಎಷ್ಟೋ ಮಂದಿ, ವಿಶೇಷವಾಗಿ ಹೆಣ್ಣುಮಕ್ಕಳು, ಹತ್ತನೆಯ ತರಗತಿಯ ಮುಂದಕ್ಕೆ ಓದಿದ್ದು ಆ ಪಾಸಿನಿಂದ. ಅದರ ಬೆಲೆಯನ್ನು ಯಾರೋ ಒಬ್ಬರು ತೆರಲೇಬೇಕಿತ್ತು.

ಆರಂಭದ ದಶಕಗಳಲ್ಲಿ ನಿಗಮಗಳಿಗೆ ಬಂಡವಾಳವು ಕೇಂದ್ರದಿಂದಲೂ ರಾಜ್ಯದಿಂದಲೂ ಬರುತ್ತಿತ್ತು. ಕಾಲಕ್ರಮೇಣ ಕೇಂದ್ರದ ಆ ಒರತೆ ಬತ್ತಿತು. ಆಮೇಲೆ ಹೊಸ ಬಸ್ಸು ಬೇಕೆಂದರೆ ಗಳಿಕೆಯಿಂದ ಉಳಿಸಬೇಕು, ಇಲ್ಲವೇ ಸಾಲ ತರಬೇಕು, ಇಲ್ಲವೇ ಯಾವುದಾದರೊಂದು ಯೋಜನೆಗಾಗಿ ಕಾಯಬೇಕು.

1997ರ ಆಗಸ್ಟ್ 15ರಂದು ಬೆಂಗಳೂರಿನ ನಗರ ಸಾರಿಗೆಯನ್ನು ಕೆ.ಎಸ್.ಆರ್.ಟಿ.ಸಿ.ಯಿಂದ ಬೇರ್ಪಡಿಸಿ ಬಿ.ಎಂ.ಟಿ.ಸಿ. ಮಾಡಲಾಯಿತು. ನನ್ನ ಶಿಷ್ಯ ರಾತ್ರಿ ಒಂದು ಸಂಸ್ಥೆಯ ನೌಕರನಾಗಿ ಮಲಗಿ ಬೆಳಿಗ್ಗೆ ಇನ್ನೊಂದರ ನೌಕರನಾಗಿ ಎದ್ದ. ಮೊದಲ ಹತ್ತು ಹನ್ನೆರಡು ವರ್ಷಗಳ ಕಾಲ ಈ ವಿಭಜನೆ ಫಲ ಕೊಟ್ಟಿತೆನ್ನಬೇಕು. 2000ದ ದಶಕದಲ್ಲಿ ಬಿ.ಎಂ.ಟಿ.ಸಿ. ಲಾಭ ಗಳಿಸುವ ನಗರ ಸಾರಿಗೆಯೆಂದು ದೇಶದಲ್ಲೇ ಹೆಸರು ಮಾಡಿತು. ವೋಲ್ವೊ ಬಸ್ಸುಗಳು ಬಂದವು. 2005ರಲ್ಲಿ ಆರಂಭವಾದ ಕೇಂದ್ರದ ಜೆ-ನರ್ಮ್ ಯೋಜನೆಯ ನೆರವಿನಿಂದ ಹೊಸ ಬಸ್ಸುಗಳು ಬಂದವು, ಯಶವಂತಪುರದಂಥ ಕಡೆಗಳಲ್ಲಿ ಬಹುಮಹಡಿಯ ನಿಲ್ದಾಣಗಳೂ ಎದ್ದವು. ಆದರೆ ಯೋಜನೆಯ ಹಣ ಬಸ್ಸು ಕೊಳ್ಳಲು ಸಿಗುತ್ತದೆ. ಆ ಬಸ್ಸನ್ನು ಹತ್ತು ವರ್ಷ ಓಡಿಸುವ ಖರ್ಚು ನಿಗಮದ್ದು. ಮದುವೆಗೆ ನೆರವಾಗುವವರು ಉಂಟು, ಸಂಸಾರವನ್ನು ನಾವೇ ತೂಗಿಸಬೇಕು.

2013ರ ಜನವರಿಯಲ್ಲಿ ಕೇಂದ್ರ ಸರ್ಕಾರ ಸಗಟಾಗಿ ಕೊಳ್ಳುವವರಿಗೆ ಡೀಸೆಲ್ ಮೇಲಿನ ಸಹಾಯಧನವನ್ನು ತೆಗೆದುಹಾಕಿತು. ಸಗಟು ಗ್ರಾಹಕರೆಂದರೆ ಯಾರು? ಸಾರಿಗೆ ನಿಗಮಗಳೂ ಅವರಲ್ಲಿ ಸೇರಿದ್ದವು. ಬಂಕಿನಲ್ಲಿ ಕಾರು ನಿಲ್ಲಿಸಿದವನಿಗೆ ಕಡಿಮೆ ಬೆಲೆ, ಅರವತ್ತು ಜನರನ್ನು ಹೊತ್ತ ಬಸ್ಸಿಗೆ ಹೆಚ್ಚಿನ ಬೆಲೆ! ದೇಶದ ಅನೇಕ ನಿಗಮಗಳು ತಮ್ಮ ಡಿಪೋಗಳನ್ನು ಬಿಟ್ಟು ಬಂಕುಗಳ ಮುಂದೆ ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿದವು. ದೆಹಲಿಯಲ್ಲಿ ಬರೆದ ಒಂದು ಆದೇಶ ಜಾಲಹಳ್ಳಿಯ ಬಸ್ಸಿನ ಲೆಕ್ಕವನ್ನು ಹೇಗೆ ತಲೆಕೆಳಗು ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

2015ರ ಮೇ 1ರಂದು ನಮ್ಮ ಜಾಲಹಳ್ಳಿ ಮೆಟ್ರೋ ನಿಲ್ದಾಣ ತೆರೆಯಿತು. ತುಮಕೂರು ರಸ್ತೆಯಲ್ಲಿ ಮೇಲೆ ರೈಲು, ಕೆಳಗೆ ಬಸ್ಸು. ಎರಡೂ ಸಾರ್ವಜನಿಕ ಸಾರಿಗೆಯೇ, ಆದರೆ ಅವುಗಳ ಹಿಂದಿರುವ ಕಾನೂನು ಬೇರೆ ಬೇರೆ. ಮೆಟ್ರೋಗೆ ಕೇಂದ್ರ, ರಾಜ್ಯಗಳೆರಡೂ ಪಾಲುದಾರರು. ಜಪಾನಿನ ನೆರವೂ ದೊರೆತಿತು. ಅದರ ದರವನ್ನು 2002ರ ಮೆಟ್ರೋ ರೈಲ್ವೆ ಕಾಯ್ದೆಯ ಪ್ರಕಾರ ನ್ಯಾಯಾಧೀಶರೊಬ್ಬರ ಅಧ್ಯಕ್ಷತೆಯ ಸಮಿತಿ ಸೂಚಿಸುತ್ತದೆ, ಆ ಶಿಫಾರಸನ್ನು ಪಾಲಿಸಲೇಬೇಕು. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿದ್ದು ಹೀಗೆ. ಬಸ್ಸಿನ ಕಥೆ ಬೇರೆ. 2014ರ ನಂತರ ಬಿ.ಎಂ.ಟಿ.ಸಿ. ದರ ಏರಿದ್ದು 2025ರ ಜನವರಿ 5ರಂದು, ಶೇ 15ರಷ್ಟು. ಹತ್ತು ವರ್ಷಗಳಲ್ಲಿ ಡೀಸೆಲ್, ಟೈರು, ಸಂಬಳ ಎಲ್ಲವೂ ಏರಿದ್ದವು. ಮೆಟ್ರೋದಂತೆ ಒಮ್ಮೆಲೇ ಏರಿಸುವುದು ಒಳ್ಳೆಯದೆಂದು ನಾನು ಹೇಳುತ್ತಿಲ್ಲ; ಬಡವರಿಗೆ ಅದು ಪೆಟ್ಟೇ. ಆದರೆ ಏರಿಸದಿದ್ದಾಗ ಉಳಿಯುವ ಅಂತರವನ್ನು ಯಾರಾದರೂ ಹೊರಬೇಕಲ್ಲವೇ?

ಆ ಹೊರೆ ಬಿದ್ದದ್ದು ಯಾರ ಹೆಗಲಿಗೆ ಎಂಬುದನ್ನು ಮುಷ್ಕರಗಳ ಚರಿತ್ರೆಯೇ ಹೇಳುತ್ತದೆ. 2020ರ ಡಿಸೆಂಬರಿನಲ್ಲಿ ನೌಕರರು ತಮ್ಮನ್ನು ಸರ್ಕಾರಿ ನೌಕರರೆಂದು ಪರಿಗಣಿಸಬೇಕೆಂದು ಬೀದಿಗಿಳಿದರು; ಆ ಬೇಡಿಕೆ ಈಡೇರಲಿಲ್ಲ. 2021ರ ಏಪ್ರಿಲ್ 7ರಿಂದ ಎರಡು ವಾರ ಆರನೆಯ ವೇತನ ಆಯೋಗದ ಸಂಬಳಕ್ಕಾಗಿ ಮುಷ್ಕರ ನಡೆಯಿತು. ಅನೇಕರು ಅಮಾನತು, ವಜಾಗಳನ್ನು ಅನುಭವಿಸಿದರು. 2025ರ ಮುಷ್ಕರದ ಮುಖ್ಯ ಬೇಡಿಕೆ 38 ತಿಂಗಳ ವೇತನ ಹೆಚ್ಚಳದ ಹಿಂಬಾಕಿ.

ನೆರೆಯ ಆಂಧ್ರಪ್ರದೇಶ ಬೇರೆ ದಾರಿ ಹಿಡಿಯಿತು. 2019ರಲ್ಲಿ ಕಾಯ್ದೆಯನ್ನೇ ಮಾಡಿ 2020ರ ಜನವರಿ 1ರಿಂದ ನಿಗಮದ ನೌಕರರನ್ನು ಸರ್ಕಾರಿ ಸೇವೆಗೆ ತೆಗೆದುಕೊಂಡಿತು. ಮನಸ್ಸು ಮಾಡಿದರೆ ಶಾಸನದಿಂದ ಆಗದ್ದೇನೂ ಇಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಅದರ ವೆಚ್ಚವನ್ನು ತೆರಿಗೆದಾರ ಹೊರುತ್ತಾನೆ ಎಂಬುದೂ ಅಷ್ಟೇ ನಿಜ.

2023ರ ಜೂನ್ 11ರಂದು ಬಂದ 'ಶಕ್ತಿ' ಯೋಜನೆಯಲ್ಲಿ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ. ನನ್ನ ಶಿಷ್ಯ ದಿನವೂ ಕೊಡುವ ಟಿಕೆಟುಗಳಲ್ಲಿ ಶೂನ್ಯ ದರದವೇ ಹೆಚ್ಚು. ಇದನ್ನು ಹಳಿಯುವವರ ಪೈಕಿ ನಾನಲ್ಲ. ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳ ಕೈಯಲ್ಲಿ ತಿಂಗಳ ಕೊನೆಗೆ ಉಳಿಯುವ ಹಣವನ್ನು ಕಂಡಿದ್ದೇನೆ. 2025–26ರ ಮುಂಗಡಪತ್ರದಲ್ಲಿ ಸರ್ಕಾರ ಇದಕ್ಕೆ 5,300 ಕೋಟಿ ರೂಪಾಯಿ ಇಟ್ಟಿತು. ಸೇವೆಯ ಬೆಲೆಯನ್ನು ಸರ್ಕಾರವೇ ಕೊಡಬೇಕೆಂಬ ತತ್ತ್ವ ಹೀಗೆ ಬಹಿರಂಗವಾಗಿ ಒಪ್ಪಿತವಾದದ್ದು ಒಳ್ಳೆಯದೇ. ಆದರೆ ಹಣ ತುಂಬಿ ಬರಬೇಕು, ಹೊತ್ತಿಗೆ ಸರಿಯಾಗಿ ಬರಬೇಕು. ಭವಿಷ್ಯ ನಿಧಿ ಹಾಗೂ ಇಂಧನದ ಬಾಕಿ ತೀರಿಸಲು ನಾಲ್ಕು ನಿಗಮಗಳು 2,000 ಕೋಟಿ ರೂಪಾಯಿ ಸಾಲ ಪಡೆಯಲು ಸರ್ಕಾರ ಒಪ್ಪಿಗೆ ಕೊಡಬೇಕಾಗಿ ಬಂದುದನ್ನು ಪತ್ರಿಕೆಗಳಲ್ಲಿ ಓದಿದೆವಲ್ಲ. ಸಾಲವನ್ನು ತೀರಿಸಬೇಕಾದವರು ಮತ್ತೆ ನಿಗಮದವರೇ.

ಇನ್ನು ನಾನು ಅಂದು ಹತ್ತಿದ ಬ್ಯಾಟರಿ ಬಸ್ಸು. ಕೇಂದ್ರದ ಫೇಮ್ ಯೋಜನೆಯ ಸಹಾಯಧನದಿಂದ ಬೆಂಗಳೂರಿಗೆ ಬಂದ ಇಂಥ ಬಸ್ಸುಗಳು ನಿಗಮದ ಸ್ವತ್ತಲ್ಲ. ಖಾಸಗಿ ಸಂಸ್ಥೆ ಬಸ್ಸನ್ನೂ ಚಾಲಕನನ್ನೂ ಒದಗಿಸುತ್ತದೆ. ನಿಗಮ ಕಿಲೋಮೀಟರಿಗೆ ಇಂತಿಷ್ಟೆಂದು ಹಣ ಕೊಡುತ್ತದೆ. ಕಂಡಕ್ಟರ್ ಮಾತ್ರ ನಿಗಮದವನು. ಒಂದೇ ಬಸ್ಸಿನಲ್ಲಿ ಇಬ್ಬರು ನೌಕರರು, ಇಬ್ಬರಿಗೆ ಇಬ್ಬರು ಯಜಮಾನರು. 1940ರ ಕಂಪನಿ ಬೇರೊಂದು ವೇಷದಲ್ಲಿ ಅರ್ಧ ಬಸ್ಸಿಗೆ ಹಿಂದಿರುಗಿ ಬಂದಿದೆ!

ಆದ್ದರಿಂದ, ಮಗೂ, ನಿನ್ನ ಪ್ರಶ್ನೆಗೆ ಉತ್ತರ ಇದು. 1956ರಿಂದ 1961ರವರೆಗೆ ನಿನ್ನ ಜಾಗದಲ್ಲಿದ್ದವರು ಸರ್ಕಾರದವರು. ನೀನು ಸೇರುವಾಗ ಆ ಕಾಲ ಮುಗಿದು ಮೂವತ್ತು ವರ್ಷಗಳೇ ಆಗಿದ್ದವು. 1950ರ ಕಾಯ್ದೆಯ 43ನೆಯ ಕಲಮು ನಿನ್ನನ್ನು ಸಾರ್ವಜನಿಕ ನೌಕರನೆನ್ನುತ್ತದೆ. ಟಿಕೆಟಿನ ಹಣದಲ್ಲಿ ತಪ್ಪು ಮಾಡಿದರೆ ಕಾನೂನು ನಿನ್ನನ್ನು ಆ ದೃಷ್ಟಿಯಿಂದ ನೋಡುತ್ತದೆ. ಸಂಬಳದ ದಿನ ಬಂದಾಗ ಮಾತ್ರ ನೀನು ನಿಗಮದವನು. ಹೊಣೆಯಲ್ಲಿ ಸರ್ಕಾರದವನು, ಹಕ್ಕಿನಲ್ಲಿ ಕಂಪನಿಯವನು.

ನಾನು ಪ್ರತಿ ತಿಂಗಳೂ ಸರ್ಕಾರದ ಪಿಂಚಣಿ ಪಡೆಯುತ್ತೇನೆ. ನೀನು ಇನ್ನೆರಡು ವರ್ಷಗಳಲ್ಲಿ ನಿವೃತ್ತನಾದಾಗ ನಿನಗೆ ದೊರೆಯುವುದು ಭವಿಷ್ಯ ನಿಧಿಯ ಸಣ್ಣ ಪಿಂಚಣಿ. ಅಂದು ನಮ್ಮ ಮನೆಯ ಜಗಲಿಯ ಮೇಲೆ ಕೂತು 'ಸರ್ಕಾರಿ ಕೆಲಸ' ಎಂದು ಹೇಳಿದಾಗ ಇಲಾಖೆಗೂ ನಿಗಮಕ್ಕೂ ಇರುವ ಭೇದ ಇತಿಹಾಸದ ಮೇಷ್ಟ್ರಾದ ನನಗೇ ಗೊತ್ತಿರಲಿಲ್ಲ. ಆ ಅಜ್ಞಾನ ನನ್ನದು, ಅದರ ಫಲ ನಿನ್ನದಾಯಿತು. ಆದರೆ ನೀನು ಮಾಡಿದ ಕೆಲಸದ ಬಗ್ಗೆ ನನಗೆ ಸಂದೇಹವಿಲ್ಲ. ಮೂವತ್ತೈದು ವರ್ಷ ಈ ಊರಿನ ಮಕ್ಕಳನ್ನು ಶಾಲೆಗೆ, ಹೆಂಗಸರನ್ನು ಕೆಲಸಕ್ಕೆ, ನನ್ನಂಥ ಮುದುಕರನ್ನು ಆಸ್ಪತ್ರೆಗೆ ತಲುಪಿಸಿದ್ದೀಯೆ. ಅದು ಸರ್ಕಾರ ಮಾಡಬೇಕಾದ ಕೆಲಸವೇ. ಬೆಲೆಯನ್ನು ಗೊತ್ತುಮಾಡುವವರೇ ನಷ್ಟವನ್ನೂ ತುಂಬಿಕೊಡಬೇಕೆಂಬ ಒಂದು ಸಾಲು ಕಾಯ್ದೆಯಲ್ಲಿದ್ದಿದ್ದರೆ ನೀನು ನನ್ನನ್ನು ಆ ಪ್ರಶ್ನೆ ಕೇಳಬೇಕಾಗಿರಲಿಲ್ಲ.

ಇದನ್ನು ಮೊಮ್ಮಗಳ ಕೈಲಿ ಅಚ್ಚು ತೆಗೆಸಿ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ಅವನ ಬಸ್ಸು ಮತ್ತೆ ಸಿಕ್ಕಿದಾಗ ಕೊಡಬೇಕು.